ಅಯಸ್ಕಾಂತಕ್ಕೆ ಚೆಂಡುಹೂವಿನ ಹಾರ

ಅರ್ಧ ಬೋಸಿ ಅವರೆಕಾಳು ಹಿದುಕಿ ಮುಗಿದಿತ್ತು. ನೆನೆದ ಕಾಳನ್ನು ಹೆಬ್ಬೆಟ್ಟಿಗೂ ತೋರುಬೆರಳಿಗೂ ನಡುವೆ ಹಿಡಿದು ಹದವಾಗಿ ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಜಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಅವಸರ ಮಾಡಿದರೆ ಬೇಳೆ ಹಾರಿ ಗೋಡೆಗೆ ಬಡಿಯುತ್ತದೆ. ಅವತ್ತು ನನ್ನ ಎದುರು ಕೂತು ಹಿದುಕುತ್ತಿದ್ದ ಸ್ನೇಹಾಳ ಬೇಳೆಯೆಲ್ಲ ಗೋಡೆಗೇ ಹೋಗುತ್ತಿತ್ತು. ಸಿಪ್ಪೆ ಬಿಡಿಸುವ ಕೆಲಸದಲ್ಲಿ ಅವಳ ಕೈ ಎಷ್ಟು ನಯ ಅನ್ನುವುದು ನನಗೆ ಗೊತ್ತು. ಇವಳ ಮನಸ್ಸು ಇಲ್ಲಿಲ್ಲ ಅಂದುಕೊಂಡೆ.

ಸ್ನೇಹಾ ನಮ್ಮ ಮಹಡಿಯ ಬಾಡಿಗೆಯವಳು. ವಿಜಯಪುರದ ಕಡೆ ಸಿಂದಗಿಯಿಂದ ಬಂದವಳು. ಹೆಬ್ಬಾಳದ ಈಚೆ ಇರುವ ಒಂದು ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅವರ ಕಡೆ ಅಜ್ಜಿಗೆ ಆಯಿ ಅನ್ನುತ್ತಾರಂತೆ, ನನ್ನನ್ನೂ ಹಾಗೇ ಕರೆಯುತ್ತಿದ್ದಳು. ಅಟ್ಟೂರಿನಲ್ಲಿ ನಮ್ಮ ರಾಗಿ ಹೊಲ ಬಡಾವಣೆಯಾದ ಮೇಲೆ ಉಳಿದ ಮೂಲೆಯಲ್ಲಿ ಕಟ್ಟಿಸಿದ ಮನೆ ನಮ್ಮದು. ಕೆಳಗೆ ನಾನು, ಹಿಂದಿನ ಬೀದಿಯಲ್ಲಿ ನನ್ನ ತಮ್ಮ ಮುನಿಆಂಜಿನಪ್ಪ.

ನಾನು ಅಕ್ಷರ ಕಲಿತದ್ದು ತಲೆ ನರೆಯಲು ಶುರುವಾದ ಮೇಲೆ, ಯಲಹಂಕದ ರಾತ್ರಿ ಶಾಲೆಯಲ್ಲಿ. ಒಂದು ದಿನ ಅಲ್ಲಿಯ ಮೇಷ್ಟ್ರು ಮುಮ್ಮೂಲೆಯ ಗಾಜಿನ ತುಂಡೊಂದನ್ನು ದೀಪಕ್ಕೆ ಅಡ್ಡ ಹಿಡಿದು, ಬೆಳಕನ್ನು ಬಣ್ಣಬಣ್ಣವಾಗಿ ಸೀಳಿ ಗೋಡೆಗೆ ಹಾಕಿ ತೋರಿಸಿದ್ದರು. ಅವತ್ತಿನಿಂದ ಬೆಳಕಿನ ಮಾತು ಯಾರು ಎತ್ತಿದರೂ ನನಗೆ ಕೇಳಬೇಕು. ಸ್ನೇಹಾಳ ಕೆಲಸವೂ ಬೆಳಕಿನದೇ. ಅದಕ್ಕೇ ಅವಳು ಸಂಜೆ ಬಂದು ಕೂತರೆ ನಾನು ಬಿಡುತ್ತಿರಲಿಲ್ಲ, ಕೇಳುತ್ತಿದ್ದೆ. ಅರ್ಥವಾಗದಿದ್ದರೆ ಮಾರನೆಯ ದಿನ ಮತ್ತೆ ಕೇಳುತ್ತಿದ್ದೆ. ಅವಳೂ ಬೇಸರಪಡದೆ ಹೇಳುತ್ತಿದ್ದಳು.

ಅವಳ ಹತ್ತಿರ ಕಪ್ಪಗೆ ಹೊಳೆಯುವ ಒಂದು ಹರಳಿನ ಚೂರು ಇತ್ತು. ಅರೆವಾಹಕ ಅನ್ನುತ್ತಾರಲ್ಲ, ಫೋನಿನ ಒಳಗೆಲ್ಲ ಇರುವ ಜಾತಿ, ಅದರದ್ದೇ ಒಂದು ನೆಂಟ. ಅದಕ್ಕೆ ಅಂಟು ಟೇಪು ಹಚ್ಚಿ ಕಿತ್ತರೆ ಒಂದು ಪದರ ಏಳುತ್ತದೆ. ಆ ಪದರಕ್ಕೆ ಮತ್ತೆ ಟೇಪು, ಮತ್ತೆ ಕೀಳುವುದು. ಕೀಳುತ್ತ ಕೀಳುತ್ತ ಕೊನೆಗೆ ಅಣುವಿನಷ್ಟೇ ದಪ್ಪದ ಹಾಳೆ ಸಿಗುತ್ತದೆ, ಇನ್ನು ಅದಕ್ಕಿಂತ ತೆಳ್ಳಗೆ ಮಾಡಲು ಆಗುವುದೇ ಇಲ್ಲ. ಅದರ ಮೇಲೆ ಬೆಳಕು ಬಿಟ್ಟಾಗ ಒಳಗಿನ ಒಂದು ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಏಳುತ್ತದೆ. ಆದರೆ ದೂರ ಹೋಗುವುದಿಲ್ಲ. ಮೆಜೆಸ್ಟಿಕ್ ಬಸ್ಸಿನಲ್ಲಿ ಸೀಟಿನಿಂದ ಎದ್ದವನು ಇಳಿಯದೆ, ಕಂಬಿ ಹಿಡಿದು ಆ ಖಾಲಿ ಸೀಟಿನ ಮೇಲೇ ಕಣ್ಣಿಟ್ಟು ನಿಂತಿರುತ್ತಾನಲ್ಲ, ಹಾಗೆ. ಎದ್ದವನು, ಖಾಲಿ ಸೀಟು, ಎರಡೂ ಸೇರಿ ಒಂದು ಜೋಡಿ. ಅದಕ್ಕೆ ಎಕ್ಸಿಟಾನ್ ಅಂತ ಹೆಸರು. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಅವನು ಮತ್ತೆ ಕೂತುಬಿಡುತ್ತಾನೆ, ಕೂರುವಾಗ ಚಿಟಿಕೆ ಬೆಳಕು ಕೊಡುತ್ತಾನೆ. ಆ ಬೆಳಕನ್ನು ಹಿಡಿದು ಅದರ ಬಣ್ಣ ಅಳೆಯುವುದೇ ಸ್ನೇಹಾಳ ಕೆಲಸ.

ಆ ಜೋಡಿಗಳಲ್ಲಿ ಎರಡು ಪಂಗಡ. ಒಂದರ ಬೆಳಕು ಬಲಕ್ಕೆ ಸುತ್ತುತ್ತ ಬರುತ್ತದೆ, ಇನ್ನೊಂದರದು ಎಡಕ್ಕೆ. ಸುಮ್ಮನೆ ಬಿಟ್ಟರೆ ಎರಡರ ಬಣ್ಣವೂ ಒಂದೇ. ಬಲವಾದ ಅಯಸ್ಕಾಂತದ ನಡುವೆ ಇಟ್ಟರೆ ಮಾತ್ರ ಒಂದು ಕೂದಲೆಳೆಯಷ್ಟು ಕೆಂಪಿನ ಕಡೆ ಸರಿಯುತ್ತದೆ, ಇನ್ನೊಂದು ಅಷ್ಟೇ ನೀಲಿಯ ಕಡೆ. ಯಾವುದು ಯಾವ ಕಡೆ ಅನ್ನುವುದು ಒಂಟಿ ಹಾಳೆಯಲ್ಲಿ ಲೋಕಕ್ಕೆಲ್ಲ ಗೊತ್ತಾಗಿತ್ತು. ಸ್ನೇಹಾ ಎರಡು ಬೇರೆ ಬೇರೆ ಹಾಳೆಗಳನ್ನು ಒಂದರ ಮೇಲೊಂದು ಕೂರಿಸಿದ್ದಳು. ಅದರಲ್ಲಿ ಎದ್ದವನು ಮಹಡಿ ಮನೆಗೆ ಹೋಗುತ್ತಾನೆ, ಅವನ ಖಾಲಿ ಜಾಗ ಕೆಳಗಿನ ಮನೆಯಲ್ಲೇ ಉಳಿಯುತ್ತದೆ, ಆದರೂ ಒಂದನ್ನೊಂದು ಬಿಡುವುದಿಲ್ಲ. ಅಂಥ ಜೋಡಿಯ ಬೆಳಕು, ಆ ವರ್ಷ, ಅಂದರೆ ಎರಡು ಸಾವಿರದ ಹದಿನೇಳರ ಗಣೇಶನ ಹಬ್ಬ ಕಳೆದ ಮೇಲೆ ಅಳೆದಾಗ, ತಿರುವುಮುರುವಾಗಿ ಬಂತು. ಕೆಂಪಿಗೆ ಹೋಗಬೇಕಾದ್ದು ನೀಲಿಗೆ, ನೀಲಿಗೆ ಹೋಗಬೇಕಾದ್ದು ಕೆಂಪಿಗೆ.

ಅವತ್ತು ಅವಳು ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಬಂದಿದ್ದಳು. ನನಗೆ ಪೂರ್ತಿ ಅರ್ಥವಾಗುವ ಮೊದಲೇ ನಾನೂ ಕೆಲಸ ಬಿಟ್ಟು ಎದ್ದು ನಿಂತಿದ್ದೆ. ಮುಂದಿನ ಹೆಜ್ಜೆ ಫ್ರಾನ್ಸ್ ದೇಶದ್ದು. ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ಇವರದಕ್ಕಿಂತ ಹತ್ತು ಪಟ್ಟು ಬಲದ ಕಾಂತ ಇದೆ, ಅದರ ಬಲ ಚಿಟಿಕೆ ಹೊಡೆಯುವಷ್ಟು ಹೊತ್ತೂ ನಿಲ್ಲುವುದಿಲ್ಲ, ಆದರೆ ಅಷ್ಟರಲ್ಲೇ ಆ ಜೋಡಿಯ ನಡುವೆ ಎಷ್ಟು ದೂರ ಇದೆ ಅನ್ನುವುದನ್ನೂ ಅಳೆಯಬಹುದು. ಅಲ್ಲಿ ಅವಕಾಶ ಕೇಳಲು, ಹಾಳೆ ಕೂರಿಸಿದ ಒಂದು ಚೂರನ್ನೂ ಅದರ ಜೊತೆ ಗೈಡು ಸಹಿ ಹಾಕಿದ ಪತ್ರವನ್ನೂ ಅಂಚೆಯಲ್ಲಿ ಕಳಿಸಬೇಕು. ಅವಳ ಗೈಡು ರಾಧಾಮಣಿ ಮೇಡಂ ಸಹಿ ಹಾಕಿ ಒಂದು ಮಾತು ಹೇಳಿದ್ದರು. ಇನ್ನೊಂದು ಸಲ ಅಳೆ, ಹೀಗೇ ಬಂದರೆ ಮಾತ್ರ ಅಂಚೆಗೆ ಹಾಕು.

ದಸರಾ ಕಳೆದು, ದೀಪಾವಳಿ ಕಳೆದು, ನವೆಂಬರಿನಲ್ಲಿ ಅವಳ ಸರದಿ ಬಂತು. ಮತ್ತೆ ಅಳೆದಳು. ಬೆಳಕು ಲೋಕಕ್ಕೆಲ್ಲ ಬರುವ ಹಾಗೇ ಬಂತು. ತಿರುವೂ ಇಲ್ಲ, ಮುರುವೂ ಇಲ್ಲ.

ಆ ಪತ್ರವನ್ನು ಕಣ್ಣೆದುರು ಇಟ್ಟುಕೊಳ್ಳಲು ಆಗುವುದಿಲ್ಲ ಅಂತ ಅವಳು ನನ್ನ ಕೈಗೆ ಕೊಟ್ಟಿದ್ದಳು. ನಾನು ಗೋಡೆ ಗಡಿಯಾರದ ಹಿಂದೆ ಸಿಕ್ಕಿಸಿದ್ದೆ. ಹೊತ್ತು ನೋಡಿದಾಗಲೆಲ್ಲ ಅದರ ಬಿಳಿ ಅಂಚು ಕಾಣುತ್ತಿತ್ತು.

ಈಗ ಡಿಸೆಂಬರು. ಅವರೆಕಾಯಿಯ ಸೊಗಡು ಬೀದಿಗೆಲ್ಲ ಹರಡಿತ್ತು. ಸಂಕ್ರಾಂತಿಯ ಹೊತ್ತಿಗೆ ಪತ್ರ ಫ್ರಾನ್ಸ್ ಮುಟ್ಟದಿದ್ದರೆ ಮತ್ತೆ ಒಂದು ವರ್ಷ ಕಾಯಬೇಕು, ಅಷ್ಟರಲ್ಲಿ ಅವಳ ವಿದ್ಯಾರ್ಥಿವೇತನ ಮುಗಿದು ಹೋಗಿರುತ್ತದೆ. ಇನ್ನು ಒಂದೇ ಸರದಿ ಉಳಿದಿತ್ತು, ಬರುವ ಗುರುವಾರದ್ದು. ಅಯಸ್ಕಾಂತ ಕೆಲಸ ಮಾಡಬೇಕಾದರೆ ಅದನ್ನು ದ್ರವ ಹೀಲಿಯಂನಲ್ಲಿ ಮುಳುಗಿಸಿ, ಮಂಜುಗಡ್ಡೆಯೂ ಬಿಸಿ ಅನ್ನಿಸುವಷ್ಟು ತಣ್ಣಗೆ ಮಾಡಬೇಕು. ಹೀಲಿಯಂ ಸುಮ್ಮನೆ ಸಿಗುವ ವಸ್ತುವಲ್ಲ, ಪಾಳಿಯ ಮೇಲೆ ಕೊಡುತ್ತಾರೆ, ಹಾಕಿದಷ್ಟು ಹೊತ್ತು ಆವಿಯಾಗುತ್ತಲೇ ಇರುತ್ತದೆ. ಗುರುವಾರ ಸಿಗುವ ಹೀಲಿಯಂ ಒಂದು ಅಳತೆಗೆ ಸಾಕು, ಎರಡಕ್ಕೆ ಸಾಲದು. ಜೋಡಿ ಹಾಳೆಯನ್ನು ಮೂರನೇ ಸಲ ಅಳೆಯುವುದೋ, ಇಲ್ಲ ಒಂಟಿ ಹಾಳೆಯನ್ನು ಇಟ್ಟು ಯಂತ್ರವೇ ಸರಿ ಇದೆಯೋ ಇಲ್ಲವೋ ನೋಡುವುದೋ. ಒಂದನ್ನು ಮಾಡಿದರೆ ಇನ್ನೊಂದಿಲ್ಲ. ಎರಡೂ ಇಲ್ಲದೆ ಮೇಡಂ ಒಪ್ಪುವುದಿಲ್ಲ. ಬೇಳೆ ಗೋಡೆಗೆ ಹಾರುತ್ತಿದ್ದುದು ಈ ಕಾರಣಕ್ಕೆ.

ಅಷ್ಟರಲ್ಲಿ ಮುನಿಆಂಜಿನಪ್ಪ ಬಂದ. ಹೊಲ ಹೋದ ಮೇಲೆ ಅವನು ಸೈಟು ವ್ಯಾಪಾರದ ದಲ್ಲಾಳಿ, ಹಳೇ ಟ್ರ್ಯಾಕ್ಟರು, ಕೊಳವೆ ಬಾವಿ ಮಾತ್ರ ಉಳಿಸಿಕೊಂಡಿದ್ದಾನೆ. ಜೇಬಿನಲ್ಲಿ ಯಾವಾಗಲೂ ಒಂದು ದಿಕ್ಸೂಚಿ, ವಾಸ್ತು ನೋಡಿ ಹೇಳದಿದ್ದರೆ ಈಗ ಯಾರೂ ಸೈಟು ಕೊಳ್ಳುವುದಿಲ್ಲ ಅನ್ನುತ್ತಾನೆ. ಅವತ್ತು ಅವನ ಪಂಚೆ ಮೊಣಕಾಲವರೆಗೆ ಕೆಸರು. ಬಂದವನೇ ತನ್ನ ಮಗ ಮುನೇಶನನ್ನು ಬೈಯಲು ಶುರು ಮಾಡಿದ. ಕೊಳವೆ ಬಾವಿಯ ಸ್ಟಾರ್ಟರು ಕೆಟ್ಟಿತ್ತಂತೆ, ಮುನೇಶ ರಿಪೇರಿ ಮಾಡಿಸಿ ತಾನೇ ವೈರು ಸಿಕ್ಕಿಸಿದನಂತೆ. ಬೆಳಿಗ್ಗೆಯಿಂದ ಮೋಟಾರು ಓಡುತ್ತಿದೆ, ನೀರಿಲ್ಲ.

"ಆಯುಧಪೂಜೆ ದಿನಾನೂ ಇಂಗೇ ಮಾಡಿದ್ದ ಕಣಕ್ಕ," ಅಂದ. "ಒರೆಸ್ತೀನಿ ಅಂತ ವೈರೆಲ್ಲ ಬಿಚ್ಚಿ, ಕುಂಕುಮ ಇಕ್ಕಿ, ಆಮೇಲೆ ಅದಲು ಬದಲು ಸಿಕ್ಕಿಸ್ದ. ಮೋಟ್ರು ಹಿಂದ್ಹಿಂದಕ್ಕೆ ತಿರುಗ್ತಿತ್ತು. ಸದ್ದು ಕೇಳಿದ್ರೆ ಎಲ್ಲಾ ಸರ್ಯಾಗೇ ಐತೆ ಅನ್ಸೋದು, ನೀರು ಮಾತ್ರ ಮ್ಯಾಕ್ಕೆ ಬರ್ತಿರ್ಲಿಲ್ಲ."

ಸ್ನೇಹಾಳ ಕೈ ನಿಂತಿತು. ಬೆರಳ ನಡುವಿನ ಕಾಳು ಹಾಗೇ ಇತ್ತು. ಅವನು ಇನ್ನೂ ಏನೇನೋ ಹೇಳುತ್ತಿದ್ದ, ಅವಳು ಕೈ ಒರೆಸಿಕೊಳ್ಳದೆಯೇ ಫೋನು ತೆಗೆದು ಫೋಟೋ ತಳ್ಳತೊಡಗಿದಳು. ಒಂದು ಫೋಟೋ ಹತ್ತಿರ ನಿಂತು ನನ್ನ ಕಡೆ ತಿರುಗಿಸಿದಳು. ಅವರ ಪ್ರಯೋಗಾಲಯದ ಆಯುಧಪೂಜೆ. ಅಡ್ಡ ಮಲಗಿಸಿದ ನೀರಿನ ಡ್ರಮ್ಮಿನ ಹಾಗಿದ್ದ ಅಯಸ್ಕಾಂತ, ಅದಕ್ಕೆ ಚೆಂಡುಹೂವಿನ ಹಾರ, ವಿಭೂತಿಯ ಮೂರು ಗೆರೆ, ಕುಂಕುಮ. ಪಕ್ಕದಲ್ಲಿ ನಿಂಬೆಹಣ್ಣು ಸಿಕ್ಕಿಸಿದ ಪಂಪು. ಹಾರದ ಕೆಳಗೆ, ಹೆಬ್ಬೆರಳು ದಪ್ಪದ ಎರಡು ಕರೀ ಕೇಬಲ್ಲು ನೆಲದ ಮೇಲೆ ಸುರುಳಿ ಸುತ್ತಿ ಮಲಗಿದ್ದವು.

"ನಾನs ಬಿಚ್ಚಿದ್ದೆ ಆಯಿ," ಅಂದಳು. ದನಿ ಬಹಳ ಸಣ್ಣಗಿತ್ತು. "ಅದರ ಮ್ಯಾಲಿನ ಬಣ್ಣದ ಟೇಪು ಹಳೇದಾಗಿ ಅಂಟಂಟಾಗಿತ್ತು. ಪೂಜಾಕ್ಕ ಚಂದ ಕಾಣಲಿ ಅಂತ ಅದನ್ನೂ ಕಿತ್ತಿ ಒರಿಸಿದೆ. ಆಮ್ಯಾಲೆ ಎರಡೂ ಒಂದs ಥರಾ ಕಂಡಾವ. ನೆನಪಿನ ಮ್ಯಾಲೆ ಹಾಕಿದೆ."

ಕೇಬಲ್ಲು ಅದಲು ಬದಲಾದರೆ ಕಾಂತದ ದಿಕ್ಕು ತಿರುಗುತ್ತದೆ. ಕಾಂತದ ದಿಕ್ಕು ತಿರುಗಿದರೆ ಕೆಂಪಿನದು ನೀಲಿಗೆ, ನೀಲಿಯದು ಕೆಂಪಿಗೆ. ಹಾಗಾದರೆ ಆಯುಧಪೂಜೆಗೆ ಮೊದಲು ಬಂದದ್ದೇ ನಿಜ, ನವೆಂಬರಿನಲ್ಲಿ ಬಂದದ್ದು ಹಿಂದಕ್ಕೆ ತಿರುಗಿದ ಮೋಟಾರು. ಆದರೆ ಇದು ಬರೀ ಹಾಗಾಗಿದ್ದರೆ ಅನ್ನುವ ಮಾತು. ಹಾಗೇ ಆಗಿದೆ ಅಂತ ಹೇಳುವವರು ಯಾರು? ನೆನಪು ಹೇಳುವುದಿಲ್ಲ, ಫೋಟೋದಲ್ಲಿ ಕೇಬಲ್ಲು ನೆಲದ ಮೇಲಿದೆ. ಇನ್ನು ಕಾಂತ ಅಳೆಯುವ ಉಪಕರಣ ಎಷ್ಟು ಬಲ ಅನ್ನುವುದನ್ನು ಹೇಳುತ್ತದೆ, ಆದರೆ ಅದರ ಮುಂಭಾಗ ಯಾವುದು, ಹಿಂಭಾಗ ಯಾವುದು ಅನ್ನುವ ಗುರುತು ಯಾವತ್ತೋ ಸವೆದು ಹೋಗಿತ್ತಂತೆ.

ಅವಳು ಎದ್ದು ನಿಂತು ನನ್ನ ತಮ್ಮನ ಜೇಬು ನೋಡಿದಳು. "ಕಾಕಾ, ಗುರುವಾರ ನಿಮ್ಮ ದಿಕ್ಸೂಚಿ ಕೊಡ್ತೀರೇನ್ರಿ?"

ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡ. "ಯಾಕಮ್ಮಿ, ನಿಮ್ಮ ಮಿಸನ್ನಿಗೂ ವಾಸ್ತು ದೋಸವಾ?"

ಅವಳು ವಿವರಿಸಿದಳು. ಮೊದಲು ಅಯಸ್ಕಾಂತ ಕೂರಿಸಿದವರು ಅದರ ಮೈಮೇಲೆ ಒಂದು ಬಾಣದ ಗುರುತು ಬರೆದಿದ್ದಾರೆ, ಕೇಬಲ್ಲು ಸರಿಯಾಗಿದ್ದರೆ ಕಾಂತದ ದಿಕ್ಕು ಬಾಣದ ದಿಕ್ಕು. ಸ್ವಲ್ಪವೇ ಕರೆಂಟು ಬಿಟ್ಟು, ದೂರದಲ್ಲಿ, ಅಯಸ್ಕಾಂತದ ನಡುವಿನ ತೂತಿನ ನೇರಕ್ಕೆ ಮುಳ್ಳು ಇಟ್ಟರೆ ಅದು ಬಾಣದ ಕಡೆ ತೋರಿಸುತ್ತದೋ ಎದುರು ತೋರಿಸುತ್ತದೋ ತಿಳಿಯುತ್ತದೆ. ಒಂದೇ ನಿಮಿಷದ ಕೆಲಸ. ಹೀಲಿಯಂ ಅಷ್ಟೂ ಜೋಡಿ ಹಾಳೆಗೆ ಉಳಿಯುತ್ತದೆ. ಇದನ್ನೆಲ್ಲ ಕೇಳಿ ಮುನಿಆಂಜಿನಪ್ಪ ಗಲ್ಲ ಕೆರೆದುಕೊಂಡ. ಅಷ್ಟು ದೊಡ್ಡ ಕಾಂತದ ಮುಂದೆ ತನ್ನ ಮುಳ್ಳಿಗೆ ಹುಚ್ಚು ಹಿಡಿದರೆ ಮೂಡಲ ಬಾಗಿಲಿನ ಸೈಟೆಲ್ಲ ಪಡುವಲ ಬಾಗಿಲಾಗುತ್ತವೆ, ತನ್ನ ಅನ್ನಕ್ಕೆ ಕಲ್ಲು ಬೀಳುತ್ತದೆ ಅಂದ. ನಾನು ಹೇಳಿದೆ, ವರ್ಷವೆಲ್ಲ ಅದು ನಿನ್ನ ಟ್ರ್ಯಾಕ್ಟರಿನಲ್ಲಿ ಹಾಡು ಕಿರುಚುವ ಸ್ಪೀಕರಿನ ಮೇಲೇ ಬಿದ್ದಿರುತ್ತದೆ, ಆಗ ಇಲ್ಲದ ಭಯ ಈಗ ಯಾಕೆ. ಕೊನೆಗೆ ಒಪ್ಪಿದ. ಆದರೆ ದಿಕ್ಸೂಚಿಯನ್ನು ಬೇರೆಯವರ ಕೈಗೆ ಕೊಡುವುದಿಲ್ಲ, ತಾನೇ ಬರುತ್ತೇನೆ ಅಂದ. ಅವನು ಹೋಗುವುದಾದರೆ ನಾನು ಬಿಡುತ್ತೇನೆಯೇ? ಸ್ನೇಹಾ ಮೇಡಂಗೆ ಫೋನು ಮಾಡಿದಳು. ಅವರು ನಕ್ಕು, ಕರೆದುಕೊಂಡು ಬಾ ಅಂದರಂತೆ.

ಗುರುವಾರ ಬೆಳಿಗ್ಗೆ ಆಟೋದಲ್ಲಿ ಹೊರಟೆವು. ನಾನು ರೇಷ್ಮೆ ಸೀರೆ ಉಟ್ಟಿದ್ದೆ. ಮುನಿಆಂಜಿನಪ್ಪ ಮದುವೆಗೆ ಹೊರಟವಳ ಹಾಗಿದ್ದೀಯ ಅಂತ ದಾರಿಯುದ್ದಕ್ಕೂ ರೇಗಿಸಿದ. ಅವನ ಷರ್ಟಿಗೂ ಇಸ್ತ್ರಿ ಬಿದ್ದಿತ್ತು, ನಾನು ಅದರ ಮಾತು ಎತ್ತಲಿಲ್ಲ.

ಪ್ರಯೋಗಾಲಯದ ಬಾಗಿಲಲ್ಲಿ ಮುಜಫ್ಫರ್ ನಿಂತಿದ್ದರು, ಹೀಲಿಯಂ ತುಂಬುವವರು. ಕಬ್ಬಿಣದ್ದು ಏನಿದ್ದರೂ ಇಲ್ಲೇ ತೆಗೆದಿಡಿ ಅಂದರು. ನಾನು ತಲೆಯ ಪಿನ್ನು, ಬೀಗದ ಕೈ ಎಲ್ಲ ಕೊಟ್ಟೆ. ಬಳೆಗೆ ಸಿಕ್ಕಿಸಿಕೊಂಡ ಸೇಫ್ಟಿ ಪಿನ್ನಿನ ಗೊಂಚಲು ಮರೆತೇ ಹೋಗಿತ್ತು. ಅವರೇ ನೋಡಿ ಕೈ ತೋರಿಸಿದರು. "ಅಮ್ಮಾ, ಇದು ಬಿಟ್ರೆ ಹಕ್ಕಿ ಥರ ಹಾರಿ ಹೋಗ್ತದೆ. ಜೊತೆಗೆ ನೀವೂ ಹೋಗ್ತೀರ." ಒಳಗೆ ದೊಡ್ಡ ಹಾಲಿನ ಕ್ಯಾನಿನಂಥ ಪಾತ್ರೆಯಿಂದ ಅಯಸ್ಕಾಂತಕ್ಕೆ ಕೊಳವೆ ಹಾಕಿದ್ದರು. ಕೊಳವೆಯ ಬಾಯಲ್ಲಿ ಬಿಳೀ ಹಬೆ ಬುಸ್ ಅನ್ನುತ್ತಿತ್ತು. ಡ್ರಮ್ಮಿನ ಮೂಲೆಯಲ್ಲಿ ಹಬ್ಬದ ಕುಂಕುಮ ಇನ್ನೂ ಅಂಟಿಕೊಂಡಿತ್ತು. ನಾನು ಯಾರಿಗೂ ಕಾಣದ ಹಾಗೆ ಕೈ ಮುಗಿದೆ.

ರಾಧಾಮಣಿ ಮೇಡಂ ನನ್ನ ವಯಸ್ಸಿನ ಹತ್ತಿರ ಹತ್ತಿರದವರು, ಗಿಡ್ಡಕ್ಕೆ, ಕಾಟನ್ ಸೀರೆ. ನಮಗೆ ಕುರ್ಚಿ ಹಾಕಿಸಿದರು. ಮುನಿಆಂಜಿನಪ್ಪನ ದಿಕ್ಸೂಚಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಇದಕ್ಕೇನೂ ಆಗದ ಹಾಗೆ ನೋಡಿಕೊಳ್ಳುತ್ತೇವೆ ಅಂತ ಅವನಿಗೆ ಮಾತು ಕೊಟ್ಟರು. ಬಾಣದ ತುದಿ ಕಿಟಕಿಯ ಕಡೆಗಿತ್ತು. ಕೇಬಲ್ಲು ಸರಿಯಾಗಿದ್ದರೆ ಮುಳ್ಳಿನ ಕೆಂಪು ತುದಿ ಕಿಟಕಿಯ ಕಡೆ ತಿರುಗಬೇಕು, ಅದಲು ಬದಲಾಗಿದ್ದರೆ ಬಾಗಿಲ ಕಡೆ. ಬಾಗಿಲ ಕಡೆ ತಿರುಗಲಿ ಅಂತ ನಾನು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡೆನೋ.

ದೂರದಲ್ಲಿ ಒಂದು ಮರದ ಸ್ಟೂಲು, ಅದರ ಮೇಲೆ ದಿಕ್ಸೂಚಿ. ಸ್ನೇಹಾ ಕರೆಂಟು ಬಿಟ್ಟಳು. ಯಾವ ಸದ್ದೂ ಇಲ್ಲ. ಮುಳ್ಳು ಒಮ್ಮೆ ನಡುಗಿತು, ಅಲ್ಲಾಡಿತು, ಮೆಲ್ಲಗೆ ತಿರುಗಿ ನಿಂತಿತು.

ಕೆಂಪು ತುದಿ ಕಿಟಕಿಯ ಕಡೆ.

ಕೇಬಲ್ಲು ಸರಿಯಾಗೇ ಇದೆ ಅಂತಾಯಿತು. ನವೆಂಬರಿನ ಅಳತೆ ನಿಜ, ಆಯುಧಪೂಜೆಗೆ ಮೊದಲಿನದು ಏನೋ ತಪ್ಪು. ಸ್ನೇಹಾ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟಳು. ಮೇಡಂ ಅವಳ ಬೆನ್ನ ಮೇಲೆ ಕೈಯಿಟ್ಟು, ಪರವಾಗಿಲ್ಲ, ತಿಳಿದದ್ದು ಒಳ್ಳೆಯದೇ ಆಯಿತು ಅಂದರು. ನನಗೆ ಗಡಿಯಾರದ ಹಿಂದಿನ ಬಿಳಿ ಅಂಚು ಕಣ್ಣಿಗೆ ಬಂತು.

ಮುನಿಆಂಜಿನಪ್ಪ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ, ಕಾಂತದ ದಿಕ್ಕು ಈಗ ಬಾಗಿಲ ಕಡೆಗೇ ಅಲ್ಲವಾ ಇರುವುದು, ಇವರೆಲ್ಲ ಯಾಕೆ ಹಿಂಗಾದರು ಅಂತ. ಕೆಂಪು ಮುಳ್ಳು ಕಿಟಕಿಗೆ ನಿಂತಿದೆಯಲ್ಲೋ, ಕಣ್ಣು ಕಾಣುವುದಿಲ್ಲವಾ ಅಂದೆ.

"ಕೆಂಪು ತೆಂಕಲು ಕಣಕ್ಕ ಅದ್ರಾಗೆ," ಅಂದ. "ಬಡಗಲು ಬಿಳೀ ತುದಿ. ಅದು ಅಂಗೇ."

ಮೇಡಂ ತಿರುಗಿದರು. "ಏನಂದ್ರಿ?"

ಅವನಿಗೆ ಎಲ್ಲರೂ ತನ್ನನ್ನೇ ನೋಡುತ್ತಿದ್ದುದಕ್ಕೆ ಗಾಬರಿಯಾಯಿತು. ಕೊಂಡ ಹೊಸತರಲ್ಲಿ ಕೆಂಪೇ ಬಡಗಲು, ಅಂದರೆ ಉತ್ತರ, ತೋರಿಸುತ್ತಿತ್ತಂತೆ. ಯಾವತ್ತೋ ಒಂದು ದಿನ ತಿರುಗಿಬಿಟ್ಟಿತಂತೆ. ಹೊಸದು ತರುವುದು ಯಾಕೆ, ಗೊತ್ತಿದ್ದರೆ ಸಾಕಲ್ಲ ಅಂತ ಅವನು ಬಿಳಿಯನ್ನೇ ಬಡಗಲು ಅಂತ ಇಟ್ಟುಕೊಂಡು ವರ್ಷಗಳಿಂದ ವಾಸ್ತು ಹೇಳುತ್ತ ಬಂದಿದ್ದ. ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದನಂತೆ.

"ಸ್ಪೀಕರು," ಅಂದಳು ಸ್ನೇಹಾ. "ಆಯಿ, ಟ್ರ್ಯಾಕ್ಟರಿನ ಸ್ಪೀಕರು." ಸ್ಪೀಕರಿನೊಳಗೂ ಒಂದು ಅಯಸ್ಕಾಂತ ಇರುತ್ತದಂತೆ, ಅದರ ಮೇಲೇ ಬಿದ್ದು ಬಿದ್ದು ಮುಳ್ಳು ಮಗುಚಿಕೊಂಡಿತ್ತು.

ಮೇಡಂ ಮಾತ್ರ ದುಡುಕಲಿಲ್ಲ. ಕರೆಂಟು ಇಳಿಸಿ, ದಿಕ್ಸೂಚಿ ತೆಗೆದುಕೊಂಡು ಎಲ್ಲರೂ ಹೊರಗೆ ಹೋಗೋಣ ಅಂದರು. ಕಟ್ಟಡದ ಹಿಂದೆ ಹುಲ್ಲಿನ ಮೇಲೆ ಬಿಸಿಲು ಬಿದ್ದಿತ್ತು. ಬೆಳಗಿನ ಸೂರ್ಯ ಯಾವ ಕಡೆ ಅನ್ನುವುದಕ್ಕೆ ಯಾರ ಸಾಕ್ಷಿಯೂ ಬೇಡ. ಮುನಿಆಂಜಿನಪ್ಪ ಸೈಟು ತೋರಿಸುವವನ ಠೀವಿಯಲ್ಲಿ ಮಧ್ಯದಲ್ಲಿ ನಿಂತು ಅಂಗೈ ಚಾಚಿದ. ಮುಜಫ್ಫರ್, ಮೇಡಂ, ಸ್ನೇಹಾ, ನಾನು, ಅವನ ಅಂಗೈಯ ಸುತ್ತ ತಲೆ ಸೇರಿಸಿ ಬಗ್ಗಿದೆವು. ಬಿಳೀ ತುದಿ ಯಲಹಂಕದ ಕಡೆ, ಬಡಗಲಿಗೆ ನಿಂತಿತ್ತು. ಕೆಂಪು ಹೆಬ್ಬಾಳದ ಕಡೆ, ತೆಂಕಲಿಗೆ.

ಹಾಗಾದರೆ ಒಳಗೆ ಕಾಂತದ ದಿಕ್ಕು ಬಾಣಕ್ಕೆ ಎದುರಾಗಿತ್ತು. ಆಯುಧಪೂಜೆಯ ದಿನದಿಂದ ಕೇಬಲ್ಲು ಅದಲು ಬದಲಾಗಿಯೇ ಇತ್ತು.

ಸ್ನೇಹಾ ಹುಲ್ಲಿನ ಮೇಲೇ ಕೂತುಬಿಟ್ಟಳು, ಮತ್ತೆ ತಟ್ಟನೆ ಎದ್ದಳು. ಹೀಲಿಯಂ ಆವಿಯಾಗುತ್ತಿದೆ ಅಂತ ನೆನಪಿಸಿದವರು ಮುಜಫ್ಫರ್. ನಾವೆಲ್ಲ ಹೆಚ್ಚುಕಡಿಮೆ ಓಡಿದೆವು. ನನ್ನ ಮಂಡಿ ಅವತ್ತು ನೋಯಲಿಲ್ಲ.

ಕೇಬಲ್ಲು ಬಿಚ್ಚಿ ತಿರುಗಿಸಿ ಹಾಕಿದ್ದು ಸ್ನೇಹಾ. ಈ ಸಲ ಮೇಡಂ ತಾವೇ ಒಂದಕ್ಕೆ ಕೆಂಪು ಬಣ್ಣ ಹಚ್ಚಿದರು, ಟೇಪು ಬೇಡ ಅಂದರು. ಮತ್ತೆ ಕರೆಂಟು, ಮತ್ತೆ ಮುಳ್ಳು. ಬಿಳೀ ತುದಿ ಬಾಣದ ಕಡೆಗೇ ಬಂದು ನಿಂತಿತು. ಮುನಿಆಂಜಿನಪ್ಪ ದಿಕ್ಸೂಚಿಯನ್ನು ಎತ್ತಿ ಪಂಚೆಯ ಅಂಚಿನಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡು, ಇನ್ನು ಇದನ್ನು ಕೇಳಬೇಡಿ ಅಂತ ಹೊರಗಿನ ಕುರ್ಚಿಗೆ ಹೋದ. ನಾನು ಹೋಗಲಿಲ್ಲ.

ದೀಪ ಆರಿಸಿದರು. ಜೋಡಿ ಹಾಳೆಯ ಚೂರು ಅಯಸ್ಕಾಂತದ ಹೊಟ್ಟೆಯೊಳಗಿತ್ತು. ಕೂದಲಿಗಿಂತ ಸಣ್ಣ ಬೆಳಕಿನ ಚುಕ್ಕಿಯನ್ನು ಅದರ ಮೇಲೆ ಕೂರಿಸಬೇಕು. ಚುಕ್ಕಿ ಸಿಗಲಿಲ್ಲ. ಸ್ನೇಹಾ ತಿರುಪನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದಳು, ಪರದೆಯ ಮೇಲೆ ಬರೀ ನೇರ ಗೆರೆ. ಮುಜಫ್ಫರ್ ಹೀಲಿಯಂ ಮಟ್ಟ ನೋಡಿ ನೋಡಿ ಹೇಳುತ್ತಿದ್ದರು, ಪ್ರತಿ ಸಲವೂ ಅದು ಕೆಳಗಿಳಿದಿರುತ್ತಿತ್ತು. ಅವಳ ಕೈಯಲ್ಲಿ ಅವಸರ ಬಂದದ್ದು ಕತ್ತಲಲ್ಲೂ ನನಗೆ ಕಂಡಿತು. ಮಾತಾಡಬಾರದೋ ಏನೋ, ಆದರೂ ಅಂದೆ.

"ಮಗ, ಬ್ಯಾಳೆ ಗೋಡೆಗೋಗ್ತದೆ. ಮೆತ್ತಗೆ."

ಅವಳು ಕೈ ತೆಗೆದಳು. ಒಂದು ಸಲ ಉಸಿರು ಬಿಟ್ಟಳು. ಮತ್ತೆ ತಿರುಪು ಹಿಡಿದಾಗ ಬೆರಳು ಬೇರೆಯದೇ ಆಗಿತ್ತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲಿನ ಗೆರೆ ಒಂದು ಕಡೆ ಮೆಲ್ಲಗೆ ಉಬ್ಬಿತು, ಸಗಣಿ ಸಾರಿಸಿದ ಅಂಗಳದಲ್ಲಿ ಇರುವೆ ಗೂಡು ಎದ್ದ ಹಾಗೆ. ಅದೇ ಆ ಜೋಡಿ ಕೊಡುವ ಬೆಳಕು ಅಂದರು ಮೇಡಂ.

ಕರೆಂಟು ಏರಿಸುತ್ತ ಹೋದರು. ಬಲಕ್ಕೆ ಸುತ್ತುವ ಬೆಳಕನ್ನು ಒಂದು ಬಣ್ಣದಲ್ಲೂ ಎಡಕ್ಕೆ ಸುತ್ತುವುದನ್ನು ಇನ್ನೊಂದು ಬಣ್ಣದಲ್ಲೂ ಪರದೆ ಬರೆಯುತ್ತಿತ್ತು. ಮೊದಲು ಎರಡು ಗುಡ್ಡವೂ ಒಂದರ ಮೇಲೊಂದು, ಒಂದೇ ಗುಡ್ಡ. ಆಮೇಲೆ ಅದರ ಭುಜ ಸ್ವಲ್ಪ ಅಗಲವಾಯಿತು. ಇನ್ನೂ ಏರಿಸಿದರು. ಒಂದು ಎಡಗಡೆ ಜರುಗಿತು, ಇನ್ನೊಂದು ಬಲಗಡೆ. ನನ್ನ ಕಣ್ಣೆದುರೇ ಅವೆರಡೂ ಬಿಡಿಸಿಕೊಂಡು ಎರಡು ಗುಡ್ಡವಾದವು. ರಾತ್ರಿ ಶಾಲೆಯ ಗೋಡೆಯ ಮೇಲೆ ಬಣ್ಣ ಬಿದ್ದಾಗ ಮೈಮೇಲೆ ಎದ್ದ ಮುಳ್ಳು ಮತ್ತೆ ಎದ್ದಿತು.

ಯಾವುದು ಯಾವ ಕಡೆ ಅನ್ನುವುದು ನನಗೆ ಓದಲು ಬರಲಿಲ್ಲ. ಸ್ನೇಹಾ ಓದಿ ಮೇಡಂ ಕಡೆ ನೋಡಿದಳು. ಮೇಡಂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಪರದೆಗೆ ಮುಖ ಹತ್ತಿರ ಮಾಡಿದರು. ಬೆರಳಿಟ್ಟು ಒಂದು ಗುಡ್ಡ, ಇನ್ನೊಂದು ಗುಡ್ಡ ಮುಟ್ಟಿದರು.

"ತಿರುವುಮುರುವು," ಅಂದರು. "ಮೊದಲು ಬಂದ ಹಾಗೇ."

ಆಮೇಲೆ ಅವರು ಹೇಳಿದ ಮಾತು ನನಗೆ ಇನ್ನೂ ಇಷ್ಟ. ನವೆಂಬರಿನ ಅಳತೆಯೂ ವ್ಯರ್ಥವಲ್ಲವಂತೆ. ಕಾಂತದ ದಿಕ್ಕು ತಿರುಗಿಸಿದರೆ ಬೆಳಕೂ ತಿರುಗುತ್ತದೆ ಅಂತ ಯಾರಾದರೂ ಬೇಕೆಂದೇ ಮಾಡಿ ತೋರಿಸಬೇಕಿತ್ತು, ನಮ್ಮ ಹುಡುಗಿ ಪೂಜೆ ಮಾಡುತ್ತ ಗೊತ್ತಿಲ್ಲದೆಯೇ ಮಾಡಿಟ್ಟಿದ್ದಾಳೆ ಅಂದರು. ಸ್ನೇಹಾ ಅಳುತ್ತಿದ್ದಳೋ ನಗುತ್ತಿದ್ದಳೋ ಕತ್ತಲಲ್ಲಿ ತಿಳಿಯಲಿಲ್ಲ. ನನ್ನ ಕೈ ಹಿಡಿದುಕೊಂಡಿದ್ದಳು, ಬಳೆ ಒತ್ತುತ್ತಿತ್ತು, ನಾನು ಬಿಡಿಸಿಕೊಳ್ಳಲಿಲ್ಲ. ಹೊರಗೆ ಬಂದಾಗ ಮುನಿಆಂಜಿನಪ್ಪ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ, ಒಂದು ಕೈ ಜೇಬಿನ ಮೇಲೆ.

ಮಾರನೆಯ ದಿನ ಶುಕ್ರವಾರ. ಒಲೆಯ ಮೇಲೆ ಹಿದಕವರೆ ಸಾರು ಇಟ್ಟು, ಕುರ್ಚಿ ಹಾಕಿಕೊಂಡು ಗಡಿಯಾರದ ಹಿಂದಿನಿಂದ ಪತ್ರ ತೆಗೆದೆ. ಒಂದು ಕಡೆ ಜೇಡರ ಬಲೆ ಹಿಡಿದಿತ್ತು, ಸೆರಗಿನಿಂದ ಒರೆಸಿದೆ. ಸ್ನೇಹಾ ಹೊಸ ಅಳತೆಯ ಚಿತ್ರವನ್ನು ಪತ್ರದ ಜೊತೆ ಸೇರಿಸಿದಳು. ಚೂರನ್ನು ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಹತ್ತಿಯಲ್ಲಿ ಸುತ್ತಿದಳು. ಎಲ್ಲವನ್ನೂ ಒಂದು ದಪ್ಪ ಲಕೋಟೆಗೆ ಹಾಕಿ, ಫ್ರಾನ್ಸಿನ ವಿಳಾಸ ತಾನು ಬರೆದು, ಪೆನ್ನು ನನಗೆ ಕೊಟ್ಟಳು.

"ಕಳಿಸುವವರ ವಿಳಾಸ ನೀವs ಬರೀರಿ ಆಯಿ. ಇಷ್ಟು ದಿನ ಕಾದಿಟ್ಟವರು ನೀವು."

ಇಂಗ್ಲಿಷ್ ಅಕ್ಷರ ನನಗೆ ಬರುತ್ತದೆ, ನಿಧಾನ. ಅವಳ ಹೆಸರು, ಕೆಳಗೆ ಅವಳ ಸಂಸ್ಥೆಯ ಹೆಸರು, ಒಂದೊಂದೇ ಅಕ್ಷರ ಬರೆದೆ. ಅವಳು ಅವಸರ ಮಾಡಲಿಲ್ಲ.

ಯಲಹಂಕದ ಅಂಚೆ ಕಚೇರಿಯಲ್ಲಿ ಸಾಲು ಇತ್ತು. ಕಿಟಕಿಯ ಹೆಂಗಸು ಲಕೋಟೆಯನ್ನು ತೂಕಕ್ಕಿಟ್ಟು, ಒಳಗೇನಿದೆ ಅಂತ ಕೇಳಿದಳು. ಸ್ನೇಹಾ ನನ್ನನ್ನು ನೋಡಿದಳು. ನಾನೇ ಹೇಳಿದೆ, ಒಂದು ಪತ್ರ, ಜೊತೆಗೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಎರಡು ಹಾಳೆ. ಅವಳು ತಲೆಯೆತ್ತಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಕಾಗದ ಪತ್ರ ಅಂತ ಬರೆದುಕೊಂಡು, ಲಕೋಟೆಯ ಮೇಲೆ ಠಪ್ಪನೆ ಮೊಹರು ಒತ್ತಿ ಹಿಂದಿನ ಚೀಲಕ್ಕೆ ಹಾಕಿದಳು.